ದಂಡ ವೇಗಕ್ಕಿರಲಿ, ಸೈಕಲ್‌ಗೆ ಬೇಡ

2011ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಪೊಲೀಸರು ಕೆಲವು ಸೈಕಲ್ ಸವಾರರ ಮನೆ ಬಾಗಿಲಿಗೇ ಹೋಗಿ ಕ್ಷಮೆ ಕೇಳಿದರು. ಸೆಂಟ್ರಲ್ ಪಾರ್ಕಿನಲ್ಲಿ ಗಂಟೆಗೆ 15 ಮೈಲಿಗಿಂತ ಜೋರಾಗಿ ಹೋದಿರಿ ಎಂದು ಅವರಿಗೆ ದಂಡದ ಚೀಟಿ ಕೊಟ್ಟಾಗಿತ್ತು. ಆಮೇಲೆ ನೋಡಿದರೆ ಆ ರಸ್ತೆಗೆ ಕಾನೂನಿನಲ್ಲಿದ್ದ ಮಿತಿ 25 ಮೈಲಿ! ಚೀಟಿ ರದ್ದಾಯಿತು. ಆದರೆ ಅದೇ ದಿನಗಳಲ್ಲಿ ಕೆಂಪು ದೀಪ ದಾಟಿದ್ದಕ್ಕೆ ಕೊಟ್ಟ 270 ಡಾಲರುಗಳ ಚೀಟಿಗಳ ಜಗಳ ಮುಗಿಯಲಿಲ್ಲ. ಪಾರ್ಕಿನೊಳಗೆ ಸಿಗ್ನಲ್ ದೀಪ ಯಾಕೆ ಎಂದರೆ, ಆಗ ಅಲ್ಲಿ ದಿನದ ಕೆಲವು ಹೊತ್ತು ಕಾರುಗಳಿಗೂ ಪ್ರವೇಶವಿತ್ತು. ಕಾರಿಗೆಂದು ನೆಟ್ಟ ದೀಪದ ಕೆಳಗೆ, ದಾಟುವವರು ಒಬ್ಬರೂ ಇಲ್ಲದ ಹೊತ್ತಿನಲ್ಲಿ, ಸೈಕಲ್ ಇಳಿದು ನಿಲ್ಲಬೇಕೇ ಎಂಬುದು ಸವಾರರ ಪ್ರಶ್ನೆ.

ಸವಾರರು ಗೆದ್ದೆವೆಂದು ಬೀಗಿದ್ದರೆ ಅದು ಹೆಚ್ಚು ದಿನ ಬಾಳಲಿಲ್ಲ. 2014ರ ಆಗಸ್ಟ್‌ನಲ್ಲಿ ಅದೇ ಪಾರ್ಕಿನಲ್ಲಿ ಓಡುತ್ತಿದ್ದ 75 ವರ್ಷದ ಹಿರಿಯರೊಬ್ಬರು, ಮರು ತಿಂಗಳು 59 ವರ್ಷದ ಮಹಿಳೆಯೊಬ್ಬರು ಸೈಕಲ್ ಡಿಕ್ಕಿ ಹೊಡೆದು ಸತ್ತರು. ನವೆಂಬರಿನಲ್ಲಿ ವೇಗದ ಮಿತಿ 20 ಮೈಲಿಗೆ, ಅಂದರೆ ಸುಮಾರು 32 ಕಿಲೋಮೀಟರಿಗೆ ಇಳಿಯಿತು.

ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ವಿವಾದದ ಎರಡೂ ಪಕ್ಷಗಳ ಬಣ್ಣ ಬಯಲಾಗುತ್ತದೆ. ‘ಸೈಕಲ್ಲಿಗೆ ಯಾಕೆ ದಂಡ, ಅದು ಹೊಗೆ ಬಿಡುತ್ತದೆಯೇ’ ಎಂದು ಕೇಳುವವರು ಸತ್ತವರ ಮಾತೆತ್ತುವುದಿಲ್ಲ. ‘ಪಾರ್ಕಿನಲ್ಲಿ ಸೈಕಲ್ಲೇ ಬೇಡ’ ಎನ್ನುವವರಿಗೆ ತಾಸಿಗೆ ಹತ್ತು ಕಿಲೋಮೀಟರಿನಲ್ಲಿ ಹೋಗುವ ಮಗುವಿಗೂ ನಲವತ್ತರಲ್ಲಿ ನುಗ್ಗುವ ತರುಣನಿಗೂ ವ್ಯತ್ಯಾಸ ಕಾಣುವುದಿಲ್ಲ. ದಂಡ ಬೇಕೋ ಬೇಡವೋ ಎಂದು ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆ. ಯಾವುದಕ್ಕೆ ದಂಡ ಎಂದು ಕೇಳುವವರು ಕಡಿಮೆ.

ನನ್ನ ನಿಲುವು ಇಷ್ಟು: ವೇಗಕ್ಕೆ ದಂಡ ಹಾಕಿ, ಮುಲಾಜಿಲ್ಲದೆ ಹಾಕಿ. ಸೈಕಲ್ ತಂದದ್ದಕ್ಕೆ ಹಾಕಬೇಡಿ.

ಇದಕ್ಕೆ ಆಧಾರ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ. ವೇಗ ಇಮ್ಮಡಿಯಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. 15 ಕಿಲೋಮೀಟರಿನಲ್ಲಿ ತಾಗಿದರೆ ಮೊಣಕಾಲು ತರಚಬಹುದು. 30ರಲ್ಲಿ ಬಡಿದರೆ ವಯಸ್ಸಾದವರ ಸೊಂಟದ ಮೂಳೆ ಉಳಿಯುವುದು ಕಷ್ಟ, ತಲೆ ನೆಲಕ್ಕೆ ಅಪ್ಪಳಿಸಿದರೆ ಜೀವವೂ ಉಳಿಯದು. ಮೇಲಾಗಿ ಸೈಕಲ್ ಸದ್ದು ಮಾಡುವುದಿಲ್ಲ. ಹಿಂದಿನಿಂದ ಬಂದದ್ದು ಭುಜ ಸವರಿಕೊಂಡು ಹೋದ ಮೇಲೆಯೇ ಗೊತ್ತಾಗುವುದು. ವಾಕಿಂಗಿಗೆ ಬರುವ ಹಿರಿಯರ ಹೆದರಿಕೆಯನ್ನು ಗೊಣಗಾಟವೆಂದು ತಳ್ಳಿಹಾಕುವ ಯುವಕರು ಇದನ್ನು ಯೋಚಿಸಬೇಕು.

ವೇಗಕ್ಕೆ ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಲಂಡನ್ ತೋರಿಸಿಕೊಟ್ಟಿದೆ. 2022ರ ಜೂನ್‌ನಲ್ಲಿ ರೀಜೆಂಟ್ಸ್ ಪಾರ್ಕಿನ ಸುತ್ತುರಸ್ತೆ ದಾಟುತ್ತಿದ್ದ 81 ವರ್ಷದ ಅಜ್ಜಿಗೆ, ಗುಂಪಾಗಿ ಸುತ್ತು ಹಾಕುತ್ತಿದ್ದ ಸವಾರರಲ್ಲಿ ಒಬ್ಬನ ಸೈಕಲ್ ಬಡಿಯಿತು. ಅಲ್ಲಿನ ಮಿತಿ 20 ಮೈಲಿ. ಗುಂಪು ಅದನ್ನು ಮೀರಿ ಹೋಗುತ್ತಿತ್ತು. ಅಜ್ಜಿ ಉಳಿಯಲಿಲ್ಲ. ವೇಗದ ಮಿತಿ ಮೋಟಾರು ವಾಹನಗಳಿಗೆ ಮಾತ್ರ ಅನ್ವಯ, ಸೈಕಲ್ಲಿಗೆ ಅಲ್ಲ ಎಂದು ಪೊಲೀಸರು ಕೈಚೆಲ್ಲಿದರು, ಮೊಕದ್ದಮೆಯೇ ಹೂಡಲಿಲ್ಲ. ಇಂಥ ಪ್ರಕರಣಕ್ಕೆ ಇಂಗ್ಲೆಂಡಿನಲ್ಲಿ ಆಗ ಇದ್ದದ್ದು 1861ರ, ಕುದುರೆಗಾಡಿ ಕಾಲದ ಒಂದು ಕಲಮು. ಅದರಲ್ಲಿ ಗರಿಷ್ಠ ಶಿಕ್ಷೆ ಎರಡು ವರ್ಷ.

ನ್ಯೂಯಾರ್ಕ್ ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಎಡವಿತು. 2025ರ ಏಪ್ರಿಲ್ ಕೊನೆಯಿಂದ ಅಲ್ಲಿನ ಪೊಲೀಸರು ಕೆಂಪು ದೀಪ ದಾಟುವಂಥ ತಪ್ಪುಗಳಿಗೆ ಸೈಕಲ್ ಸವಾರರಿಗೆ ಕ್ರಿಮಿನಲ್ ಸಮನ್ಸ್ ಕೊಡತೊಡಗಿದರು. ಅದೇ ಕೆಂಪು ದೀಪವನ್ನು ಕಾರಿನವನು ದಾಟಿದರೆ ಮನೆಯಲ್ಲಿ ಕೂತೇ ದಂಡ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು. ಸೈಕಲ್‌ನವನು ಕೋರ್ಟಿಗೆ ಹಾಜರಾಗಬೇಕಿತ್ತು. ಊಟ ತಲುಪಿಸುವ ಹುಡುಗರಲ್ಲಿ ಬಹುಪಾಲು ವಲಸೆ ಬಂದವರು. ಅವರಿಗೆ ಕೋರ್ಟಿನ ಮೆಟ್ಟಿಲೆಂದರೆ ಗಡೀಪಾರಿನ ಭಯ. ಎರಡು ಟನ್ ತೂಗುವ ವಾಹನಕ್ಕೆ ಚೀಟಿ, ಹದಿನೈದು ಕಿಲೋ ತೂಗುವ ವಾಹನಕ್ಕೆ ಕಟಕಟೆ! ಇಂಥ ದಂಡಕ್ಕೂ ಸುರಕ್ಷತೆಗೂ ಸಂಬಂಧವಿಲ್ಲ. ಬಡಪಾಯಿ ಸಿಕ್ಕಿದ, ಹಿಡಿದರು, ಅಷ್ಟೇ.

ಸೆಂಟ್ರಲ್ ಪಾರ್ಕಿಗೆ ದಾರಿ ತೋರಿಸಬೇಕಾದದ್ದು ಅದರ ಸ್ವಂತ ನಕ್ಷೆ. 1858ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಈಗ 843 ಎಕರೆಯಿರುವ ಆ ಪಾರ್ಕನ್ನು ಕಲ್ಪಿಸಿದಾಗ ನಡೆಯುವವರಿಗೆ ಒಂದು ದಾರಿ, ಕುದುರೆ ಸವಾರರಿಗೆ ಇನ್ನೊಂದು, ಸಾರೋಟಿಗೆ ಮತ್ತೊಂದು ಹಾಕಿದರು. ಊರಿನ ಈ ಬದಿಯಿಂದ ಆ ಬದಿಗೆ ಹೋಗುವ ಗಾಡಿಗಳಿಗೆ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ತೋಡಿದರು. ದಾರಿಗಳು ಅಡ್ಡ ಬರುವಲ್ಲಿ ಸೇತುವೆ ಕಟ್ಟಿದರು. ವೇಗವನ್ನು ಬೇರ್ಪಡಿಸಿದರೆ ನಿಷೇಧದ ಬೋರ್ಡಿನ ಕೆಲಸ ಅರ್ಧ ಕಡಿಮೆ ಎಂಬ ವಿವೇಕ ಅವರಿಗಿತ್ತು. ಆಮೇಲೆ ಬಂದ ಕಾರು ಸಾರೋಟಿನ ದಾರಿಯನ್ನು ನುಂಗಿತು. ಅದನ್ನು ಪೂರ್ತಿ ಹೊರಹಾಕಲು 2018ರ ಜೂನ್ ಬರಬೇಕಾಯಿತು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಬಡಾವಣೆಯ ಯಾವುದಾದರೂ ಪಾರ್ಕಿನ ಗೇಟಿನಲ್ಲಿ ನಿಂತು ಬೋರ್ಡು ಓದಿ: ಹೂ ಕೀಳಬಾರದು, ನಾಯಿ ತರಬಾರದು, ಚೆಂಡಾಟ ಆಡಬಾರದು, ಸೈಕಲ್ ತರಬಾರದು. ಹಿಂದಿನ ಗಾಲಿಗೆ ಎರಡು ಪುಟ್ಟ ಚಕ್ರ ಕಟ್ಟಿಸಿಕೊಂಡ ಆರು ವರ್ಷದ ಹುಡುಗಿ ಒಳಗೆ ಬಂದರೆ ವಾಚ್‌ಮನ್ ಸೀಟಿ ಊದುತ್ತಾನೆ. ‘ಅಂಕಲ್, ಒಂದೇ ರೌಂಡು’ ಎಂದರೂ ಬಿಡುವುದಿಲ್ಲ. ಬಿಟ್ಟರೆ ವಾಕಿಂಗಿನವರು ಅವನನ್ನು ಬಯ್ಯುತ್ತಾರೆ. ಆ ಮಗು ಸೈಕಲ್ ಕಲಿಯುವುದು ಎಲ್ಲಿ? ನೀರಿನ ಟ್ಯಾಂಕರ್, ಕಸದ ಆಟೋ, ಮೊಬೈಲ್ ನೋಡುತ್ತ ಬರುವ ಸ್ಕೂಟರ್ ಓಡಾಡುವ ಬೀದಿಯಲ್ಲಿ. ಆ ಬೋರ್ಡು ಬರೆಸಿದವರು ಅಪಾಯ ತಪ್ಪಿಸಿದೆವೆಂದು ತಿಳಿದಿದ್ದಾರೆ. ಅವರು ಅದನ್ನು ಗೇಟಿನಾಚೆ ದಾಟಿಸಿದ್ದಾರೆ, ಅಷ್ಟೆ.

ಅತ್ತ ಕಬ್ಬನ್ ಪಾರ್ಕ್ ನೋಡಿ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ, ಸರ್ಕಾರಿ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದಿರುವ ಆ ತಾಣವನ್ನು ಕಾಪಾಡಲು 1975ರಿಂದ ಕಾಯ್ದೆಯೇ ಇದೆ. ಆದರೂ ವಾರದ ದಿನಗಳಲ್ಲಿ ಅದರ ನಡುವೆಯೇ ಕಾರು, ಬೈಕು, ಆಟೋಗಳ ಮೆರವಣಿಗೆ. ಭಾನುವಾರದಂಥ ರಜಾದಿನಗಳಲ್ಲಿ ಗೇಟು ಹಾಕಿದಾಗ ಮಾತ್ರ ಅದೇ ಡಾಂಬರಿನ ಮೇಲೆ ಸೈಕಲ್ ಕಲಿಯುವ ಮಕ್ಕಳು, ಸ್ಕೇಟಿಂಗ್ ಹುಡುಗರು, ಕೋಲು ಹಿಡಿದ ತಾತಂದಿರು ಎಲ್ಲರಿಗೂ ಜಾಗ ಸಿಗುತ್ತದೆ. 2020ರ ಲಾಕ್‌ಡೌನಿನಲ್ಲಿ ವಾಹನಗಳು ನಿಂತಿದ್ದವು. ಹೀಗೇ ಇರಲಿ ಎಂದು ಜನ ಕೇಳಿಕೊಂಡರೂ ಮತ್ತೆ ಬಿಟ್ಟರು. ಮೋಟಾರಿಗೆ ರಾಜಮಾರ್ಗ, ಮಗುವಿನ ಸೈಕಲ್ಲಿಗೆ ಸೀಟಿ: ಇದು ನಮ್ಮ ಉದ್ಯಾನ ನೀತಿ.

ಸೈಕಲ್‌ನವನನ್ನು ಹಿಡಿಯುವ ಚಾಳಿ ನಮಗೂ ಹೊಸದಲ್ಲ. ಡಬಲ್ ರೈಡ್ ಹೋದರೆ, ಡೈನಮೋ ಉರಿಯದಿದ್ದರೆ ಪೇದೆ ಚಕ್ರದ ಗಾಳಿ ಬಿಡುತ್ತಿದ್ದ ಕಾಲವನ್ನು ಅರವತ್ತು ದಾಟಿದವರು ಮರೆತಿರಲಾರರು. ಸೈಕಲ್‌ನವನನ್ನು ಹಿಡಿಯಲು ಸುಲಭ, ಅವನು ಓಡಿಹೋಗಲಾರ, ಶಿಫಾರಸಿನ ಫೋನು ಬರುವುದಿಲ್ಲ. ಹಳೆಯ ಆ ಗುಣವೇ ಈಗ ಪಾರ್ಕಿನ ಬೋರ್ಡಿನಲ್ಲಿ ಕೂತಿದೆ.

ಇದರ ಜೊತೆಗೆ ಬ್ಯಾಟರಿ ಸೈಕಲ್ ಎಂಬ ಹೊಸ ತಲೆನೋವು. ನಮ್ಮ ನಿಯಮದಲ್ಲಿ 250 ವ್ಯಾಟ್ ಒಳಗಿನ ಮೋಟಾರು, 25 ಕಿಲೋಮೀಟರ್ ಒಳಗಿನ ವೇಗವಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ರಸ್ತೆಗೆ 25 ನಿಧಾನ. ಪಾರ್ಕಿನ ಕಾಲುದಾರಿಗೆ ಅದು ಜೋರು. ನ್ಯೂಯಾರ್ಕ್ 2025ರ ಅಕ್ಟೋಬರಿನಲ್ಲಿ ಇವುಗಳಿಗೆ ಊರಿಡೀ 15 ಮೈಲಿಯ ಮಿತಿ ಹಾಕಿತು. ನಮ್ಮ ಉದ್ಯಾನಗಳಿಗೆ ಅದಕ್ಕಿಂತ ಬಿಗಿಯಾದ ಮಿತಿ ಬೇಕು ಎಂದರೆ ನನ್ನ ತಕರಾರಿಲ್ಲ.

‘ವೇಗ ಅಳೆಯುವವರು ಯಾರು, ವಾಚ್‌ಮನ್ ಕೈಗೆ ರಾಡಾರ್ ಕೊಡುತ್ತೀರಾ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಕಿಲ್ಲ. ದಾರಿಗೆ ಅಲ್ಲಲ್ಲಿ ತಿರುವು, ಇಕ್ಕಟ್ಟು, ಒರಟು ಕಲ್ಲುಹಾಸು ಕೊಟ್ಟರೆ ಯಾರೂ ರಭಸದಿಂದ ಓಡಿಸಲಾರರು. ಜನಜಂಗುಳಿ ಇರುವ ತುಂಡಿನಲ್ಲಿ ಇಳಿದು ತಳ್ಳಿಕೊಂಡು ಹೋಗಲಿ. ವಾಕಿಂಗಿನ ಗಿಜಿಗಿಜಿ ಇಲ್ಲದ ಮಧ್ಯಾಹ್ನದ ಹೊತ್ತನ್ನು ಸಣ್ಣ ಪಾರ್ಕುಗಳಲ್ಲಿ ಮಕ್ಕಳ ಸೈಕಲ್ಲಿಗೆ ಬಿಡಲಿ. ಇಷ್ಟಾದ ಮೇಲೂ ನುಗ್ಗುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅವನಿಗೆ ರಸೀದಿ ಹರಿಯಲಿ, ಯಾರಿಗಾದರೂ ಗಾಯವಾದರೆ ಮೊಕದ್ದಮೆಯೂ ಆಗಲಿ. ಇದಕ್ಕೆ ತಲೆ ಉಪಯೋಗಿಸಬೇಕು, ಕಾವಲು ಕಾಯಬೇಕು. ಪೂರ್ತಿ ನಿಷೇಧಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಅಧಿಕಾರಿಗಳಿಗೆ ನಿಷೇಧ ಇಷ್ಟವಾಗುವುದು ಅದಕ್ಕೇ.

ತೋಟಗಾರಿಕೆ ಇಲಾಖೆಗೂ ನಗರಾಡಳಿತಕ್ಕೂ ಮಾಡಬೇಕಾದ ಕೆಲಸ ಎರಡೇ. ಕಬ್ಬನ್ ಪಾರ್ಕಿನಿಂದ ಮೋಟಾರು ವಾಹನಗಳನ್ನು ಏಳೂ ದಿನ ಹೊರಗಿಡಿ. ಬಡಾವಣೆ ಪಾರ್ಕುಗಳ ಬೋರ್ಡಿನಲ್ಲಿ ‘ಸೈಕಲ್ ತರಬಾರದು’ ಎಂಬುದನ್ನು ಅಳಿಸಿ ‘ನಿಧಾನವಾಗಿ ತುಳಿಯಿರಿ, ಮೀರಿದರೆ ದಂಡ’ ಎಂದು ಬರೆಸಿ.