ಟ್ರಿಮ್ಮರಿಗಿಂತ ಮೊದಲು ಕ್ಯಾಲಿಪರ್

ಮೊನ್ನೆ ಶನಿವಾರ ಮತ್ತೆ ಅದೇ ಜಗಳ. ಇಲ್ಲಿ ಅಮೆರಿಕದಲ್ಲಿ ನಾನೂ ನನ್ನ ಗೆಳೆಯನೂ ವಾರಾಂತ್ಯಕ್ಕೆ ರೇಂಜಿಗೆ ಹೋಗಿ ರೈಫಲ್ ಹಾರಿಸಿ, ಖಾಲಿ ಹಿತ್ತಾಳೆ ಕೇಸುಗಳನ್ನು ಆರಿಸಿ ತಂದು ಗ್ಯಾರೇಜಿನಲ್ಲಿ ಮತ್ತೆ ತುಂಬುವವರು. (ನಾನು ವೀಸಾ ಗಿರಾಕಿ. ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಖಾಲಿ ಕೇಸೂ ಮದ್ದುಗುಂಡೇ! ಬೇಟೆ ಲೈಸೆನ್ಸ್ ಮಾಡಿಸಿಕೊಂಡ ಮೇಲೇ ನಾನು ಮುಟ್ಟಿದ್ದು. ಊರಲ್ಲಿರುವವರು ಇದನ್ನೋದಿ ಕೈಹಾಕಬೇಡಿ, 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸಿಲ್ಲದೆ ಅದು ಅಪರಾಧ.)

"ಲೇ ಮಗಾ, ಮೋಟಾರ್ ಟ್ರಿಮ್ಮರೇ ತಗೋ. ಒಂದ್ಸಲ ದುಡ್ಡು ಸುರಿದ್ರೆ ಮುಗೀತು" ಅಂತ ಅವನ ವಾದ. ನಾನು ಒಪ್ಪಲ್ಲ. ಯಾಕೆ ಅಂತ ಬರೆದೇಬಿಡ್ತೀನಿ.

ಗುಂಡು ಹಾರಿದಾಗ ಕೇಸು ಉಬ್ಬುತ್ತೆ. ಅದನ್ನು ಸೈಜಿಂಗ್ ಡೈನಲ್ಲಿ ಒತ್ತಿ ಮತ್ತೆ ಸಣ್ಣ ಮಾಡಿದಾಗ ಹಿತ್ತಾಳೆ ಬಾಯಿಯ ಕಡೆಗೆ ಸರಿದು ಕತ್ತು ಉದ್ದವಾಗುತ್ತೆ. .223 ರೆಮಿಂಗ್ಟನ್ ಕೇಸಿನ ಗರಿಷ್ಠ ಉದ್ದ 1.760 ಇಂಚು, ಕತ್ತರಿಸಬೇಕಾದ್ದು 1.750ಕ್ಕೆ. ನಡುವೆ ಇರೋದು ಕಾಲು ಮಿಲಿಮೀಟರ್. ಅದನ್ನು ಮೀರಿದರೆ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿಕೊಂಡು ಗುಂಡನ್ನು ಹಿಡಿದುಬಿಡಬಹುದು, ಒತ್ತಡ ಸರ್ರನೆ ಏರಬಹುದು. ಆ ಹೊತ್ತಿಗೆ ಕೋವಿಯ ಪಕ್ಕದಲ್ಲೇ ಇರೋದು ನಮ್ಮ ಕೆನ್ನೆ, ಕಣ್ಣು.

ಈಗ ಟ್ರಿಮ್ಮರಿಗೆ ಬರೋಣ. ವೇಗದ ಮೋಟಾರ್ ಟ್ರಿಮ್ಮರುಗಳಲ್ಲಿ ಹಲವು ಕೇಸಿನ ಭುಜವನ್ನು ಆಧಾರವಾಗಿಟ್ಟುಕೊಂಡು ಕತ್ತರಿಸುತ್ತವೆ. ಭುಜ ಎಲ್ಲ ಕೇಸಿನಲ್ಲೂ ಒಂದೇ ಜಾಗದಲ್ಲಿದ್ದರೆ ಮಾತ್ರ ಉದ್ದ ಒಂದೇ ಬರುತ್ತೆ. ಅಂದರೆ ಮೊದಲು ಸೈಜಿಂಗ್, ಆಮೇಲೆ ಟ್ರಿಮ್ಮಿಂಗ್. ಕಳೆದ ಚಳಿಗಾಲದಲ್ಲಿ ನಾವಿಬ್ಬರು ಮಹಾನುಭಾವರು ಎರವಲು ತಂದ ಅಂಥದೊಂದು ಯಂತ್ರದಲ್ಲಿ ಅರ್ಧ ಗಂಟೆಗೆ 200 ಕೇಸು ಕತ್ತರಿಸಿದೆವು, ಸೈಜ್ ಮಾಡುವ ಮೊದಲೇ! ಸೈಜ್ ಮಾಡಿ ಅಳೆದರೆ ಒಂದು 1.748, ಇನ್ನೊಂದು 1.765. ತಪ್ಪು ಯಂತ್ರದ್ದಲ್ಲ, ನಮ್ಮದೇ. ಆದರೆ ಆ ವೇಗದಲ್ಲಿ ತಪ್ಪೂ 200 ಸಲ ಆಯ್ತು. ಅವತ್ತು ಕ್ಯಾಲಿಪರ್ ಹಿಡಿಯದೇ ತುಂಬಿದ್ದರೆ? ನೆನೆದರೆ ಈಗಲೂ ಬೆವರು ಬರುತ್ತೆ.

ನನ್ನ ಆಯ್ಕೆ ಲೀ ಕಂಪನಿಯ ಗೇಜ್ ಮತ್ತು ಕಟ್ಟರ್. ಒಂದೆರಡು ಪಿಜ್ಜಾದ ದುಡ್ಡು. ಅದರ ಕಡ್ಡಿ ಕೇಸಿನ ತಳದ ತೂತಿನಿಂದ ಹೊರಬಂದು ತಳಕ್ಕೆ ತಾಗಿದ ಕೂಡಲೇ ಕತ್ತರಿಸುವುದು ನಿಲ್ಲುತ್ತೆ. ತಿರುಗಿಸಲು ಸ್ಕ್ರೂ ಇಲ್ಲ, ಕೆಡಿಸಲು ಸೆಟ್ಟಿಂಗ್ ಇಲ್ಲ. ಕೋಡಿನಲ್ಲಿ ಸಂಖ್ಯೆಯನ್ನು ಹಾರ್ಡ್‌ಕೋಡ್ ಮಾಡಿದವರನ್ನು ರಿವ್ಯೂನಲ್ಲಿ ಬೈಯುವವನು ನಾನು. ಇಲ್ಲಿ ಮಾತ್ರ ಅದಕ್ಕೇ ಕೈಮುಗಿಯುತ್ತೇನೆ. ತೊಂದರೆ ಇಷ್ಟೇ: ಪ್ರತಿ ಬಗೆಯ ಕೇಸಿಗೂ ಬೇರೆ ಗೇಜ್ ಬೇಕು, ಕೈ ನೋಯುತ್ತೆ. ನಾಲ್ಕೈದು ಬಗೆಯ ಕೇಸು ತುಂಬುವವರು ಫಾರ್‌ಸ್ಟರ್, ಲೈಮನ್‌ನವರ ಕೈಯಲ್ಲಿ ತಿರುಗಿಸುವ ಲೇತ್ ಮಾದರಿ ನೋಡಲಿ. ತಿಂಗಳಿಗೆ ಸಾವಿರ ಗುಂಡು ಹಾರಿಸುವವರಿಗೆ ಮೋಟಾರೇ ಸರಿ, ತಕರಾರಿಲ್ಲ. .45 ಎಸಿಪಿ ಪಿಸ್ತೂಲಿನ ಕೇಸಂತೂ ಸಾಮಾನ್ಯವಾಗಿ ಉದ್ದವಾಗುವುದೇ ಇಲ್ಲ. ಅದಕ್ಕೆ ಟ್ರಿಮ್ಮರ್ ಕೊಳ್ಳುವುದು ಬೋಳುತಲೆಗೆ ಬಾಚಣಿಗೆ ಕೊಂಡಂತೆ.

ಆದರೆ ತಿಂಗಳಿಗೆ ಐವತ್ತು ಗುಂಡು ಹಾರಿಸುವ ನನ್ನ ಗೆಳೆಯನಿಗೆ ಮೋಟಾರ್ ಯಾಕೆ? ನಮ್ಮ ಸಾಫ್ಟ್‌ವೇರ್ ಮಂದಿಯ ರೋಗವೇ ಇದು: ಅಳತೆ ಕಲಿಯುವ ಮೊದಲು ಟೂಲ್ ಕೊಳ್ಳೋದು. ದುಬಾರಿ ಯಂತ್ರ ತಂದರೆ ಎಚ್ಚರವೂ ಡಬ್ಬಿಯೊಳಗೇ ಬರುತ್ತೆ ಅಂತ ನಂಬೋದು. ಬರಲ್ಲ ಸ್ವಾಮಿ. ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಆಕಳಿಸುತ್ತಾ ಹಿಡಿದಿದ್ದ ವರ್ನಿಯರ್ ಕ್ಯಾಲಿಪರ್ ಇದೆಯಲ್ಲ, ಅಂಥದೊಂದು ಒಳ್ಳೆಯದನ್ನು ಮೊದಲು ತನ್ನಿ. ಸೈಜ್ ಮಾಡಿದ ಮೇಲೆ ಒಂದೊಂದನ್ನೂ ಅಳೆಯಿರಿ. ಕತ್ತರಿಸಿ, ಬಾಯಿಯ ಒಳಗೂ ಹೊರಗೂ ಗೀರು ತೆಗೆದು, ಮತ್ತೆ ಅಳೆಯಿರಿ.

ಗೆಳೆಯ ಇದನ್ನು ಓದಿ ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ ಬಿಡಿ... ಎರಡೂ ಕಣ್ಣು ನೆಟ್ಟಗಿರುವವರೆಗೆ ಓದಬಹುದಲ್ಲ!