ಎರಡು ಪವರ್ ಸಪ್ಲೈ, ಒಂದೇ ಫ್ಯೂಸ್

ಸಂಘದ ಗೋದಾಮಿಗೆ ಹಾಸುಗಲ್ಲು ನೋಡಿಬರಲು ಕಳೆದ ಬೇಸಿಗೆಯಲ್ಲಿ ನಾವು ವಾಡಿಯಲ್ಲಿ ರೈಲಿಳಿದು ಶಹಾಬಾದಿಗೆ ಹೋಗಿದ್ದೆವು. ಕಲ್ಲು ಹೇರಿದ ಲಾರಿ ತೂಕಕ್ಕೆ ನಿಂತ ಹೊತ್ತಿಗೇ ಫ್ಯೂಸ್ ಹೋಯಿತು. ಅಲ್ಲಿಯ ಕ್ಯಾಮೆರಾ, ಫೋನು, ವೈಫೈ ಎಲ್ಲಕ್ಕೂ ವಿದ್ಯುತ್ ಹೋಗುವುದು ಒಂದೇ ನೆಟ್‌ವರ್ಕ್ ಸ್ವಿಚ್ಚಿನಿಂದ. "ಇದಕ್ಕ ಎರಡು ಪವರ್ ಸಪ್ಲೈ. ಒಂದು ಕೈ ಕೊಟ್ರ ಇನ್ನೊಂದು ಅದರಿ ಸಾಹೇಬ್ರ" ಎಂದು ಗುಮಾಸ್ತರು ಬೆಳಿಗ್ಗೆಯಷ್ಟೇ ಹೆಮ್ಮೆಯಿಂದ ತೋರಿಸಿದ್ದರು. ನೋಡಿದರೆ, ಎರಡರ ಪ್ಲಗ್ಗೂ ಒಂದೇ ಬೋರ್ಡಿನಲ್ಲಿ! ಲಾರಿ ಎರಡು ಗಂಟೆ ನಿಂತಿತು.

ತಂತಿಯಲ್ಲೇ ವಿದ್ಯುತ್ ಕಳಿಸುವುದು ಹೊಸದೇನಲ್ಲ. ಹಳೆಯ ಟೆಲಿಫೋನಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ಆಧಾರವಾಗಿತ್ತು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. (ತಂತಿಯ ಮೇಲೆ ಮರ ಬೀಳದಿದ್ದರೆ, ಅನ್ನಿ.)

ಈಗ ನಮ್ಮ ಗೋದಾಮಿಗೂ ಇಂಥ ಸ್ವಿಚ್ ತರಿಸುವ ವಿಚಾರ ಆಡಳಿತ ಮಂಡಳಿಯ ಮುಂದಿದೆ. ಸದಸ್ಯರು ಸಾಲಕ್ಕೆ ಅಡವಿಟ್ಟ ಅಡಿಕೆ, ಕಾಫಿ ಮೂಟೆಗಳ ಕಾವಲು ಇದನ್ನೇ ನಂಬಿರುತ್ತದೆ. ದರಪಟ್ಟಿಯಲ್ಲಿ ಎರಡು ಸಪ್ಲೈ ಸೇರಿ ಕ್ಯಾಮೆರಾಗಳಿಗೆ 740 ವ್ಯಾಟ್ ಎಂದು ಬರೆದಿದೆ. ಈ ಒಟ್ಟು ಲೆಕ್ಕವನ್ನೇ ನಾವು ಒಪ್ಪುವುದಿಲ್ಲ. 2003ರ ಪ್ರಮಾಣದಂತೆ ಸ್ವಿಚ್ಚಿನ ಒಂದು ಕಿಂಡಿ 15.4 ವ್ಯಾಟ್‌ವರೆಗೆ, 2009ರ ಪ್ರಮಾಣದಂತೆ 30 ವ್ಯಾಟ್‌ವರೆಗೆ ಕೊಡುತ್ತದೆ. ಈಗ ಬೇಕಾದ 20 ಕ್ಯಾಮೆರಾಗಳಿಗೆ 15.4ರಂತೆ 308 ವ್ಯಾಟ್. 370 ವ್ಯಾಟಿನ ಒಂದೇ ಸಪ್ಲೈ ಹೊರಬಲ್ಲುದು. ನಾಳೆ 30 ವ್ಯಾಟಿನ ನಾಲ್ಕು ತಿರುಗುವ ಕ್ಯಾಮೆರಾ ಸೇರಿಸಿದರೆ 428 ಆಯಿತು. ಎರಡೂ ಸರಿಯಿರುವ ತನಕ ಯಾರಿಗೂ ತಿಳಿಯುವುದಿಲ್ಲ. ಒಂದು ಸುಟ್ಟ ದಿನ ಕೆಲವು ಕ್ಯಾಮೆರಾಗಳು ಆರುತ್ತವೆ. ಯಾವುದು ಆರಬೇಕು, ಯಾವುದು ಉಳಿಯಬೇಕು ಎಂಬುದನ್ನು ಸ್ವಿಚ್ಚಿಗೆ ಮೊದಲೇ ಹೇಳಿಡದಿದ್ದರೆ ಬಾಗಿಲ ಕ್ಯಾಮೆರಾವೇ ಆರಿತು!

ಆದ್ದರಿಂದ ಒಂದೇ ಸಪ್ಲೈ ಹೊರುವಷ್ಟಕ್ಕೆ ಹೊರೆ ನಿಲ್ಲಬೇಕು. ಒಂದರ ಪ್ಲಗ್ಗು ಯುಪಿಎಸ್‌ಗೆ, ಇನ್ನೊಂದರದು ಬೇರೆ ಫ್ಯೂಸಿನ, ಜನರೇಟರ್ ಆಸರೆಯುಳ್ಳ ಲೈನಿಗೆ. ಯುಪಿಎಸ್ ಬ್ಯಾಟರಿಯನ್ನು ತಗಡಿನ ಮಾಡಿನ ಕೆಳಗೆ ಇಡಬೇಡಿ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ವಿಚ್ಚೇ ಸಿಡಿಲಿಗೆ ಸುಟ್ಟರೆ ಎರಡು ಸಪ್ಲೈ ಇದ್ದೂ ಫಲವಿಲ್ಲ. ನಮ್ಮಂಥ ಸಣ್ಣ ಸಂಘಕ್ಕೆ ಒಂದು ದೊಡ್ಡದರ ಬದಲು ಎರಡು ಸಣ್ಣ ಸ್ವಿಚ್ಚುಗಳೇ ಲೇಸೆಂದು ನಮ್ಮ ಅಭಿಪ್ರಾಯ: ಒಂದು ಬಿಟ್ಟು ಒಂದರಂತೆ ಕ್ಯಾಮೆರಾ ಹಂಚಿದರೆ, ಒಂದು ಸ್ವಿಚ್ ಹೋದರೂ ಅರ್ಧ ಗೋದಾಮಾದರೂ ಕಾಣುತ್ತದೆ. ಎರಡೂ ಬಗೆಯ ದರ ಕೇಳಿ ಬರೆದಿದ್ದೇವೆ. ಬಂದ ಕೂಡಲೇ ಮಂಡಳಿಯ ಮುಂದಿಡುತ್ತೇವೆ.