ಜಡೆಯ ಮೇಲೆ ಹೊರಿಸಿದ ತಪ್ಪು

ನೂರು ಜುಟ್ಟು ಒಟ್ಟಿಗಿರಬಹುದು, ಎರಡು ಜಡೆ ಒಟ್ಟಿಗಿರಲಾರವು ಎನ್ನುವ ಗಾದೆ ಇದೆಯಲ್ಲ, ಅದನ್ನು ಕಟ್ಟಿದವನು ಖಂಡಿತ ಜುಟ್ಟಿನವನೇ ಇರಬೇಕು. ಜಡೆ ಹೆಣೆಯದ ಅಮೆರಿಕದ ಐವರು ಹುಡುಗಿಯರ ಕಥೆಯನ್ನು ನನಗೆ ಹೇಳಿದವರೂ ಕೊನೆಗೆ ಇದೇ ಮಾತಿಗೆ ಬಂದು ನಿಂತರು. "ಹೆಂಗಸರಲ್ಲವೇ, ಜಗಳವಾಡಿಕೊಂಡು ಬೇರೆಯಾದರು" ಎಂದರು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

ಆ ತಂಡದ ಹೆಸರು 'ದಿ ಗೋ-ಗೋಸ್'. 1978ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ್ದು. ಅದು ಪಂಕ್ ಸಂಗೀತದ ಕಾಲ. ವಾದ್ಯ ಸರಿಯಾಗಿ ಬಾರದವರೂ ಧೈರ್ಯವಿದ್ದರೆ ವೇದಿಕೆ ಹತ್ತಬಹುದಿತ್ತು. ಇವರೂ ಹತ್ತಿದರು, ನುಡಿಸುತ್ತಲೇ ಕಲಿತರು. ಪಂಕ್‌ನ ಸಿಟ್ಟಿಗೆ ಕುಣಿಸುವ ಲಯ, ಗುನುಗುವಂಥ ರಾಗ ಸೇರಿದಾಗ ಅದನ್ನು ನ್ಯೂ ವೇವ್ ಎಂದು ಕರೆದರು. ಹಾಡುವವಳು ಬೆಲಿಂಡಾ ಕಾರ್ಲೈಲ್. ಗಿಟಾರಿಗೆ ಜೇನ್ ವೀಡ್ಲಿನ್ ಮತ್ತು ಷಾರ್ಲೆಟ್ ಕ್ಯಾಫಿ. ಬೇಸ್ ಗಿಟಾರಿಗೆ ಕ್ಯಾಥಿ ವ್ಯಾಲೆಂಟೈನ್, ಡ್ರಮ್ಸಿಗೆ ಜೀನಾ ಶಾಕ್.

ಹೆಣ್ಣುಮಕ್ಕಳ ತಂಡ ಎಂದು ದೊಡ್ಡ ಕಂಪನಿಗಳು ಮುಖ ತಿರುಗಿಸಿದವು. 1981ರಲ್ಲಿ ಐ.ಆರ್.ಎಸ್. ಎಂಬ ಸಣ್ಣ ಕಂಪನಿ ಕೈ ಹಿಡಿಯಿತು. ಆ ವರ್ಷವೇ ಬಂದ 'ಬ್ಯೂಟಿ ಅಂಡ್ ದಿ ಬೀಟ್' ಆಲ್ಬಂ 1982ರ ಮಾರ್ಚಿನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ 6 ವಾರ ಅಲ್ಲಿಂದ ಇಳಿಯಲಿಲ್ಲ. ತಾವೇ ಹಾಡು ಬರೆದು ತಾವೇ ವಾದ್ಯ ನುಡಿಸುವ ಹೆಣ್ಣುಮಕ್ಕಳ ತಂಡವೊಂದು ಅಮೆರಿಕದಲ್ಲಿ ಆ ಜಾಗಕ್ಕೇರಿದ್ದು ಅದೇ ಮೊದಲು.

ಇಷ್ಟಾದ ಮೇಲೆ ಗೌರವ ಸಿಕ್ಕಿತೆ? ಅದೇ ವರ್ಷದ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಅವರನ್ನು ಒಳಉಡುಪಿನಲ್ಲಿ ಮುಖಪುಟಕ್ಕೆ ಹಾಕಿ, ಪಕ್ಕದಲ್ಲಿ ಪೋಲಿ ಅರ್ಥ ಬರುವ ಶೀರ್ಷಿಕೆ ಅಚ್ಚು ಮಾಡಿತು. ಕೈಯಲ್ಲಿದ್ದ ಗಿಟಾರು ಯಾರ ಕಣ್ಣಿಗೂ ಬೀಳಲಿಲ್ಲ ನೋಡಿ!

ಇನ್ನು ಜಗಳದ ವಿಷಯ. ಮೂರನೆಯ ಆಲ್ಬಂ ಬಂದ 1984ರಲ್ಲೇ ಜೇನ್ ಹೊರನಡೆದಳು. 1985ರ ಮೇ ತಿಂಗಳಲ್ಲಿ ತಂಡ ಮುಚ್ಚಿತು. ಮಾದಕ ವ್ಯಸನವಿತ್ತು, ಅವರೇ ಮುಂದೆ ಬಾಯಿಬಿಟ್ಟು ಹೇಳಿದ್ದಾರೆ, ನಾನೇಕೆ ಮುಚ್ಚಿಡಲಿ? ತಾನು ಬರೆದ ಹಾಡನ್ನು ತಾನೇ ಹಾಡುತ್ತೇನೆ ಎಂದ ಜೇನ್‌ಗೆ ಉಳಿದವರು ಬೇಡವೆಂದದ್ದೂ ಇತ್ತು. ಆದರೆ ಒಳಗೊಳಗೇ ಕೊರೆದದ್ದು ಹಣ. ತಟ್ಟೆ ಮಾರಾಟವಾದಾಗ, ರೇಡಿಯೋದಲ್ಲಿ ಹಾಡು ಬಂದಾಗ, ಹಾಡು ಬರೆದವರಿಗೆ ಪ್ರತ್ಯೇಕ ರಾಯಲ್ಟಿ ಬರುತ್ತದೆ. ಡ್ರಮ್ ಬಾರಿಸಿದವಳಿಗೆ ಅದರಲ್ಲಿ ಪಾಲಿಲ್ಲ. ಒಂದೇ ವೇದಿಕೆ, ಒಂದೇ ಬಸ್ಸು, ಒಂದೇ ದಣಿವು. ಮನೆಗೆ ಬರುವ ಚೆಕ್ಕು ಮಾತ್ರ ಬೇರೆ ಬೇರೆ.

ಬರೆದವಳಿಗೆ ಹೆಚ್ಚು ಸಿಗುವುದು ನ್ಯಾಯವಲ್ಲವೇ ಎಂದು ನೀವು ಕೇಳಬಹುದು. ಸಿಗಲಿ. ಆದರೆ ಎಷ್ಟು, ಏಕೆ ಎಂಬುದನ್ನು ಐವರೂ ಕೂತು ಮೊದಲೇ ಮಾತಾಡಿಕೊಂಡಿರಬೇಕು. ಗೆಳತಿಯರ ನಡುವೆ ಲೆಕ್ಕವೇನು ಎಂಬ ದಾಕ್ಷಿಣ್ಯವಿದೆಯಲ್ಲ, ಅದರಷ್ಟು ದುಬಾರಿಯಾದದ್ದು ಬೇರೊಂದಿಲ್ಲ. ಹಣದ ಮಾತೆತ್ತಿದ ಗಂಡಸು ವ್ಯವಹಾರಸ್ಥ, ಹೆಂಗಸು ದುರಾಸೆಯವಳು ಎನ್ನುವ ಲೋಕದಲ್ಲಿ ಅದನ್ನು ಬಾಯಿಬಿಟ್ಟು ಕೇಳುವುದು ಸುಲಭವೂ ಅಲ್ಲ.

ಈಗ ಜುಟ್ಟುಗಳ ಕಡೆ ನೋಡೋಣ. ಇದೇ ಗೋ-ಗೋಸ್ ಯಾರ ಕಛೇರಿಗೆ ಮುಂಚೆ ಹಾಡಲು ಊರೂರು ಸುತ್ತಿದ್ದರೋ ಆ 'ದಿ ಪೊಲೀಸ್' ತಂಡದಲ್ಲಿ ಮೂವರೇ ಗಂಡಸರು. ಸ್ಟಿಂಗ್ ಮತ್ತು ಸ್ಟೂವರ್ಟ್ ಕೋಪ್‌ಲ್ಯಾಂಡರ ಕಾದಾಟ ಜಗಜ್ಜಾಹೀರು. ಅವರೂ 1984ರ ಪ್ರವಾಸ ಮುಗಿಸಿ ತಂತಮ್ಮ ದಾರಿ ಹಿಡಿದರು. ಅದನ್ನು ಪ್ರತಿಭೆಗಳ ಘರ್ಷಣೆ ಎಂದರು. ಗಂಡಸರು ಕೂಡಿ ಬಾಳಲಾರರು ಎಂದು ಯಾರಾದರೂ ಗಾದೆ ಕಟ್ಟಿದರೆ?

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಗೌರವ ಈ ಐವರಿಗೆ ಸಿಕ್ಕಿದ್ದು 2021ರಲ್ಲಿ, ಮೊದಲ ಆಲ್ಬಂ ಬಂದ 40 ವರ್ಷದ ಮೇಲೆ. ಅಂದು ಐವರೂ ಒಂದೇ ವೇದಿಕೆಯಲ್ಲಿ ನುಡಿಸಿದರು.

ಆದ್ದರಿಂದ ನಾಲ್ಕು ಜನ ಸೇರಿ ಏನನ್ನಾದರೂ ಆರಂಭಿಸುವ ಹೆಣ್ಣುಮಕ್ಕಳಿಗೆ ನಾನು ಹೇಳುವುದಿಷ್ಟೇ. ಮೊದಲ ದಿನವೇ ಒಂದು ಲೆಕ್ಕದ ಪುಸ್ತಕ ಕೊಳ್ಳಿ. ಯಾರ ಪಾಲೆಷ್ಟು ಎಂದು ಎಲ್ಲರ ಎದುರು ಬರೆದಿಡಿ. ಜಡೆಯ ಗಾದೆ ಹೇಳಲು ಬಂದವರಿಗೆ ಆ ಪುಸ್ತಕ ತೆಗೆದು ತೋರಿಸಿ.